ಪರದೆಯ ಬೆನ್ನಿಗಿದ್ದ ಹಿತ್ತಲು

ಹೆಣ್ಣುಮಕ್ಕಳು ಸಿನಿಮಾ ನೋಡಿ ಕೆಟ್ಟುಹೋದರು ಎಂದು ಯಾರಾದರೂ ನನ್ನ ಮುಂದೆ ಅಂದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಸಿನಿಮಾ ನೋಡಿ ಕೆಟ್ಟ ಒಬ್ಬಳನ್ನೂ ನಾನು ಕಂಡಿಲ್ಲ. ಒಂದೇ ಒಂದು ಸಿನಿಮಾವನ್ನೂ ನೋಡದೆ, ಸಿನಿಮಾ ಹುಚ್ಚಿನವಳು ಎಂಬ ಹೆಸರು ಹೊತ್ತವಳನ್ನು ಮಾತ್ರ ಹತ್ತಿರದಿಂದ ಕಂಡಿದ್ದೇನೆ. ಅವಳು ನನ್ನ ಗೆಳತಿ.

ಎಪ್ಪತ್ತರ ದಶಕದ ಹೊನ್ನಾಳಿ. ಹೈಸ್ಕೂಲು ಮುಗಿದಿತ್ತು. ಮುಂದೆ ಓದಿಸುವ ಮಾತು ಯಾರ ಬಾಯಲ್ಲೂ ಇಲ್ಲ, ಗಂಡು ಹುಡುಕುವ ಮಾತು ಎಲ್ಲರ ಬಾಯಲ್ಲೂ. ಹಾಗೆ ಮನೆಯಲ್ಲಿ ಉಳಿದ ಮೂವರು ಹುಡುಗಿಯರು ನಾವು. ಒಬ್ಬಳು ಕಾಂಪೌಂಡರ್ ಮಗಳು. ಇನ್ನೊಬ್ಬಳ ಮನೆ ಟೂರಿಂಗ್ ಟಾಕೀಸಿನ ಟೆಂಟಿನ ಹಿಂದೆಯೇ ಇದ್ದುದರಿಂದ ಅವಳನ್ನು ಟೆಂಟಿನ ಮನೆಯವಳು ಅನ್ನುತ್ತಿದ್ದೆವು. ಮೂರನೆಯವಳು ನಾನು. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವಳು ಎಂದು ನಮ್ಮವ್ವ ಬಂದವರಿಗೆಲ್ಲ ನನ್ನ ಪರಿಚಯ ಮಾಡಿಕೊಡುತ್ತಿದ್ದಳು. ಹೆಣ್ಣು ನೋಡಲು ಬಂದವರಿಗೆ ಮಾತ್ರ ಆ ವಿಷಯ ಹೇಳುತ್ತಿರಲಿಲ್ಲ.

ಬೇಸಿಗೆಯಲ್ಲಿ ಶಾವಿಗೆ ಹೊಸೆಯುವ ಕೆಲಸ. ಮಧ್ಯಾಹ್ನ ಊಟವಾದ ಮೇಲೆ ಟೆಂಟಿನ ಮನೆಯ ಹಿತ್ತಲಲ್ಲಿ, ಬೇವಿನ ಮರದ ನೆರಳಿಗೆ ಶಾವಿಗೆ ಮಣೆ ಹಾಕಿಕೊಂಡು ಕೂರುತ್ತಿದ್ದೆವು. ಕೈಗೆ ಕೆಲಸವಿದ್ದರೆ ಬಾಯಿಗೆ ಯಾರೂ ಅಡ್ಡಿ ಮಾಡುತ್ತಿರಲಿಲ್ಲ. ಯಾವ ಸಿನಿಮಾ ಚೆಂದ, ಯಾವ ಕಾದಂಬರಿ ಚೆಂದ, ಯಾವ ನಾಯಕಿ ಅತ್ತರೆ ಅಳು ಬರುತ್ತದೆ, ಯಾರು ಅತ್ತರೆ ನಗು ಬರುತ್ತದೆ, ಇದೇ ಮಾತು. ಕಾಂಪೌಂಡರ್ ಮಗಳಿಗೆ ಯಾವ ಪುಸ್ತಕ ಸಿಕ್ಕರೂ ಮೊದಲು ಕೊನೆಯ ಪುಟ ಓದುವ ಚಟ. "ಅವಳು ಸಾಯ್ತಾಳೋ ಬದುಕ್ತಾಳೋ ಮೊದ್ಲೇ ತಿಳ್ಕಂಡ್ರೆ ಆರಾಮಾಗಿ ಓದಬಹುದು ಕಣೆ," ಅನ್ನುತ್ತಿದ್ದಳು. ಆಮೇಲೆ ಆ ಕೊನೆಯನ್ನು ನಮಗೂ ಹೇಳಿಬಿಡುತ್ತಿದ್ದಳು. ಅದಕ್ಕೆ ನಾನು ಅವಳ ಜಡೆ ಹಿಡಿದು ಎಳೆದದ್ದೂ ಉಂಟು. ನನಗೆ ಓದುವಾಗ ಖಾರ ಮಂಡಕ್ಕಿ ಬೇಕೇ ಬೇಕು. ನನ್ನ ಕೈಗೆ ಬಂದ ಪುಸ್ತಕ ಎಣ್ಣೆ ಕಲೆ ಇಲ್ಲದೆ ವಾಪಸು ಹೋದದ್ದಿಲ್ಲ. ಕಾಂಪೌಂಡರ್ ಮನೆಗೆ ಬರುತ್ತಿದ್ದ ವಾರಪತ್ರಿಕೆಯ ಧಾರಾವಾಹಿಗಳನ್ನು ಕತ್ತರಿಸಿ ಜೋಡಿಸಿ, ಗೋಣಿಚೀಲ ಹೊಲಿಯುವ ದಬ್ಬಳದಿಂದ ಹೊಲಿದು, ನಮ್ಮದೇ ಕಾದಂಬರಿಗಳನ್ನು ಮಾಡಿಕೊಂಡಿದ್ದೆವು. ನಡುವೆ ಒಂದು ವಾರದ ಕಂತು ಸಿಗದೆ ಹೋದರೆ ಆ ಭಾಗವನ್ನು ಟೆಂಟಿನ ಮನೆಯವಳು ಹೇಳಬೇಕು. ಅವಳು ಹೇಳಿದ್ದೇ ನಮಗೆ ಖಾಯಂ.

ಯಾಕೆಂದರೆ ಕಥೆ ಹೇಳುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಕಣ್ಣು ಮುಚ್ಚಿಕೊಂಡು, ಕೈ ಹಿಟ್ಟಿನ ಎಳೆ ಎಳೆಯುತ್ತಿರುವಂತೆಯೇ, ಖಳನಾಯಕನ ಗಂಟಲಲ್ಲಿ ಗದರಿಸಿ ಮರುಕ್ಷಣ ತಾಯಿಯ ಗಂಟಲಲ್ಲಿ ಬೇಡಿಕೊಳ್ಳುತ್ತಿದ್ದಳು. ಅವಳು ಟೆಂಟಿನ ಒಳಗೆ ಕಾಲಿಟ್ಟಿರಲಿಲ್ಲ. ಅವಳ ಅಪ್ಪನಿಗೆ ಕಿರಾಣಿ ಅಂಗಡಿ. ನಮ್ಮ ಮನೆ ಹೆಣ್ಣುಮಕ್ಕಳು ಟೆಂಟಿನ ಬಾಗಿಲು ತುಳಿಯುವುದಿಲ್ಲ ಎಂದು ಊರಿಗೆಲ್ಲ ಕೇಳುವಂತೆ ಹೇಳುತ್ತಿದ್ದ. ತಾನು ಮಾತ್ರ ಅಂಗಡಿ ಬಾಗಿಲು ಹಾಕಿ, ಬಾಯಿ ತುಂಬ ಎಲೆ ಅಡಿಕೆ ತುಂಬಿಕೊಂಡು, ಕುರ್ಚಿ ಟಿಕೇಟಿನಲ್ಲಿ ಹೋಗಿ ಕೂರುತ್ತಿದ್ದ. ಅವನ ನಡತೆ ಸಿನಿಮಾದಿಂದ ಕೆಡುತ್ತಿರಲಿಲ್ಲ, ಪಾಪ, ಗಂಡಸಲ್ಲವೇ!

ಟೆಂಟಿನ ಪರದೆಯ ಬೆನ್ನು ಇವರ ಹಿತ್ತಲಿಗೆ ಇತ್ತು. ಪರದೆಯ ಹಿಂದೆಯೇ ದೊಡ್ಡ ಸ್ಪೀಕರು. ಆಟ ಶುರುವಾದರೆ ಒಂದು ಮಾತು, ಒಂದು ಬಿಕ್ಕಳಿಕೆ ಬಿಡದೆ ಇವಳ ಬಚ್ಚಲ ಕಲ್ಲಿನ ತನಕ ಕೇಳಿಸುತ್ತಿತ್ತು. ಪಾತ್ರೆ ತಿಕ್ಕುತ್ತ ಕೇಳಿದಳು, ದನಕ್ಕೆ ಕಲಗಚ್ಚು ಇಡುತ್ತ ಕೇಳಿದಳು. ಚಿತ್ರ ಬದಲಾಗುವಷ್ಟರಲ್ಲಿ ಪೂರ್ತಿ ಬಾಯಿಪಾಠ. ಕೇಳಿದ್ದು ದನಿ ಮಾತ್ರ. ಸೀರೆಯ ಬಣ್ಣ, ಮನೆಯ ಅಂಗಳ, ಯಾರ ಕಣ್ಣಲ್ಲಿ ನೀರು ಬಂತು, ಯಾರು ಮುಖ ತಿರುಗಿಸಿದರು, ಇವೆಲ್ಲ ಅವಳ ತಲೆಯೊಳಗೆ ಹುಟ್ಟಿದ್ದು.

ಅವಳಿಗೆ ಬಹಳ ಇಷ್ಟವಾಗಿದ್ದ ಒಂದು ಚಿತ್ರದಲ್ಲಿ, ಮನೆಯಿಂದ ಹೊರಹಾಕಿಸಿಕೊಂಡ ತಂಗಿ ರೈಲ್ವೆ ಸ್ಟೇಷನ್ನಿನಲ್ಲಿ ಹೂವು ಮಾರುತ್ತಾಳೆ. ದೊಡ್ಡ ಸಾಹೇಬನಾದ ಅಣ್ಣ ರೈಲಿನಿಂದಿಳಿದು ಗುರುತು ಸಿಗದೆ ಅವಳ ಹತ್ತಿರವೇ ಹೂವು ಕೇಳುತ್ತಾನೆ. ನಮ್ಮ ಊರಿಗೆ ರೈಲೇ ಇಲ್ಲ. ಇವಳು ರೈಲು ಕಂಡವಳೇ ಅಲ್ಲ. ಆದರೂ ಅಣ್ಣನ ದನಿ ಕೇಳಿದ ಕೂಡಲೇ ತಂಗಿಯ ಕೈ ನಡುಗಿ, ಹೂವಿನ ಬುಟ್ಟಿ ಉರುಳಿ, ಸೇವಂತಿಗೆಗಳು ಜನರ ಕಾಲಡಿ ಚೆಲ್ಲಾಪಿಲ್ಲಿಯಾಗಿ, ಅಣ್ಣ ಅವುಗಳ ಮೇಲೆಯೇ ಕಾಲಿಟ್ಟು ಹೊರಟುಹೋಗುವುದನ್ನು ಅವಳು ಹೇಳಿದಾಗ ನಾವು ಶಾವಿಗೆ ಬಿಟ್ಟು ಅತ್ತಿದ್ದೆವು. ಕಾಂಪೌಂಡರ್ ಮಗಳು ಅದಕ್ಕಾಗಿಯೇ ಚಿಕ್ಕಮ್ಮನ ಜೊತೆ ಹೋಗಿ ನೋಡಿ ಬಂದು ಜಗಳ ತೆಗೆದಳು.

"ಹೂವು ಬೀಳೋದೇ ಇಲ್ಲ ಕಣೆ! ಅವ್ನು ಹೂವು ತಗಂಡು ಸುಮ್ನೆ ಹೋಗ್ತಾನೆ, ಅಷ್ಟೇಯ."

"ನಂಗೆ ಬಿದ್ದಂಗೆ ಕೇಳ್ತು," ಎಂದಳು ಇವಳು, ಶಾವಿಗೆ ಎಳೆಯುತ್ತ.

ಗೋವಿನಕೋವಿಯಲ್ಲಿದ್ದ ಅವಳ ದೊಡ್ಡಪ್ಪ ಚನ್ನಗಿರಿಯಿಂದ ಒಂದು ಸಂಬಂಧ ತಂದ. ಹುಡುಗ ಮೇಷ್ಟ್ರು. ಭಾರಿ ಫಾರ್ವರ್ಡ್ ಎಂದು ದೊಡ್ಡಪ್ಪ ಹೇಳಿದ್ದೇ ಹೇಳಿದ್ದು. ಅವಳಿಗೂ ಮನಸ್ಸಾಗಿತ್ತು. "ಮೇಷ್ಟ್ರಂದ್ರೆ ಮನೇಲಿ ಪುಸ್ತಕ ಇರ್ತಾವೆ ಕಣೆ," ಎಂದು ನನ್ನ ಹತ್ತಿರ ಗುಟ್ಟಾಗಿ ಹೇಳಿದಳು. ಹೆಣ್ಣು ನೋಡುವ ದಿನ ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡು ನಾನೂ ಅಲ್ಲೇ ಇದ್ದೆ. ಹುಡುಗನ ತಾಯಿ ಕೇಳುವುದನ್ನೆಲ್ಲ ಕೇಳಿದಳು. ಅಡಿಗೆ ಬರುತ್ತದಾ, ಕಸೂತಿ ಬರುತ್ತದಾ, ಒಂದು ವಚನ ಹಾಡು, ಎದ್ದು ನಾಲ್ಕು ಹೆಜ್ಜೆ ನಡೆ. ದನದ ಸಂತೆಯಲ್ಲಿ ಮಾಡುವಂತೆ ಹಲ್ಲು ಎಣಿಸುವುದೊಂದು ಬಾಕಿ. ಕೊನೆಗೆ ಮೇಷ್ಟ್ರು ಬಾಯಿ ಬಿಟ್ಟ.

"ನಿಮಗೆ ಯಾವ ಸಿನಿಮಾ ಇಷ್ಟ?"

ಇಂಥ ಪ್ರಶ್ನೆಗೆ ಹೆಣ್ಣು ತಲೆ ತಗ್ಗಿಸಿ "ನಾನು ಸಿನಿಮಾ ನೋಡಲ್ಲ" ಅನ್ನಬೇಕು. ಎಲ್ಲ ಮನೆಯಲ್ಲೂ ಹಾಗೇ ಹೇಳಿಕೊಡುತ್ತಿದ್ದರು, ಟಾಕೀಸಿನಲ್ಲೇ ಬೆಳೆದವಳೂ ಹಾಗೇ ಹೇಳುತ್ತಿದ್ದಳು. ಇವಳು ಹೇಳಿದ್ದರೆ ಅದು ನಿಜವೂ ಆಗಿರುತ್ತಿತ್ತು. ಆದರೆ ಅವನು ಕೇಳಿದ್ದು ಯಾವುದು ಇಷ್ಟ ಎಂದು. ಇವಳು ಅದಕ್ಕೆ ಉತ್ತರ ಕೊಟ್ಟಳು. ಹೂವು ಮಾರುವ ತಂಗಿಯ ಕಥೆ ಶುರು ಮಾಡಿದವಳು, ನೋಡನೋಡುತ್ತ ಕಣ್ಣು ಮುಚ್ಚಿದಳು. ದನಿ ಏರಿತು, ಇಳಿಯಿತು. ರೈಲು ಬಂತು. ಮೇಷ್ಟ್ರು ಲೋಟ ಹಿಡಿದ ಕೈ ಹಾಗೇ ನಿಂತಿತ್ತು. ಅವನ ತಾಯಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು, ನಾನು ನನ್ನ ಕಣ್ಣಾರೆ ನೋಡಿದ್ದೇನೆ. ಅತ್ತು, ಚಹಾ ಕುಡಿದು, ಉಪ್ಪಿಟ್ಟು ಇನ್ನೊಂದಿಷ್ಟು ಹಾಕಿಸಿಕೊಂಡು ತಿಂದು ಎದ್ದುಹೋದರು.

ಆಮೇಲೆ ದೊಡ್ಡಪ್ಪನ ಕೈಯಲ್ಲಿ ಹೇಳಿ ಕಳಿಸಿದರು. "ಹುಡುಗೀಗೆ ಸಿನಿಮಾ ಹುಚ್ಚು ಬಾಳ ಐತಂತೆ. ರೈಲು, ಸ್ಟೇಷನ್ನು ಎಲ್ಲಾ ಕಣ್ಣಿಗೆ ಕಟ್ಟಿದಂಗೆ ಹೇಳ್ತಾಳಂದ್ರೆ ಎಷ್ಟು ಸಲ ನೋಡಿರಬ್ಯಾಡ? ಮನೆ ಹಿಡಿಯೋ ಹೆಣ್ಣಲ್ಲ ಅಂದ್ರು."

ಅಪ್ಪ ಅವಳ ಕೆನ್ನೆಗೆ ಬಾರಿಸಿದ. ಯಾರ ಜೊತೆ ಹೋಗಿದ್ದೆ, ಯಾವನು ಕರೆದುಕೊಂಡು ಹೋಗಿದ್ದ ಎಂದು ಕೇಳಿದ. ವಿಷಯ ತಿಳಿದು ನಾನು ಓಡಿಹೋದೆ. ಅವನು ಅಂಗಡಿಯಲ್ಲಿ ತಕ್ಕಡಿ ಹಿಡಿದು ನಿಂತಿದ್ದ.

"ಮಾವಾರೆ, ಅವ್ಳು ಒಂದೂ ನೋಡಿಲ್ಲ. ಹಿತ್ಲಾಗೆ ಕೂತ್ಕಂಡು ಕೇಳಿದ್ದು. ನೀವೇ ಒಂದಿನ ಆಟದ ಹೊತ್ತಿಗೆ ಹಿತ್ಲಿಗೆ ಬಂದು ಕೂರ್ರಿ, ಗೊತ್ತಾಗ್ತೈತೆ," ಎಂದೆ.

"ನೋಡದೆ ಹಂಗೆ ಹೇಳಾಕೆ ಬರ್ತೈತೇನವ್ವಾ? ನನ್ನ ಕಿವಿಗೆ ಹೂವು ಇಡಬ್ಯಾಡ. ಮನೀಗೆ ಹೋಗು."

ಅವನಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಆಟದ ಹೊತ್ತಿಗೆ ಅವನು ಒಂದೋ ಅಂಗಡಿಯಲ್ಲಿ, ಇಲ್ಲವೆ ಪರದೆಯ ಆ ಕಡೆ ಕುರ್ಚಿಯಲ್ಲಿ. ತನ್ನ ಹಿತ್ತಲಿಗೆ ಏನು ಕೇಳಿಸುತ್ತದೆ ಎಂದು ಹೆಣ್ಣು ಹೆತ್ತ ಆ ಮನುಷ್ಯ ಒಂದು ಸಂಜೆಯೂ ಕೂತು ನೋಡಿರಲಿಲ್ಲ. ಹೇಳಿದ ಮೇಲೂ ಬಂದು ಕೂರಲಿಲ್ಲ. ನೆನಪು ಬರೆಯುವವರು ಎಲ್ಲೋ ಒಂದು ಕಡೆ ತಮ್ಮದೂ ತಪ್ಪಿತ್ತು ಅಂತ ಬರೆದು ಹಗುರಾಗುತ್ತಾರೆ. ನಾನು ಆಗುವುದಿಲ್ಲ. ನಮ್ಮ ತಪ್ಪು ಏನೂ ಇರಲಿಲ್ಲ. ಕೇಳಿ ಅತ್ತು, ಹೊರಗೆ ಹೋಗಿ ಹೆಸರು ಕೆಡಿಸಿದ ಆ ತಾಯಿಮಗನದ್ದು ತಪ್ಪು. ಮಗಳ ಮಾತು ನಂಬದ ಅಪ್ಪನದ್ದು ತಪ್ಪು.

ಊರಿಂದೂರಿಗೆ ಮಾತು ಹೋಗುವುದಕ್ಕೆ ಬಸ್ಸು ಬೇಕಾಗಿಲ್ಲ. ಜಗಳೂರಿನ ಬಟ್ಟೆ ಅಂಗಡಿಯವರು ಹೆಣ್ಣು ಕೇಳಿಕೊಂಡು ಬಂದಾಗ ಅವರಿಗೂ ಮುಟ್ಟಿತ್ತು. ಹುಡುಗಿ ಲಕ್ಷಣವಾಗಿದ್ದಳು, ಬಿಡುವ ಮನಸ್ಸಿಲ್ಲ, ಭಯವೂ ಬಿಡಲಿಲ್ಲ. ನಿಶ್ಚಯದ ದಿನ ಎಲೆ ಅಡಿಕೆ ಬದಲಾಯಿಸುವಾಗ ಶಾಸ್ತ್ರಕ್ಕೆ ಬಂದಿದ್ದ ಅಯ್ಯನವರ ಎದುರಿಗೆ ಅವಳ ಅಪ್ಪನಿಂದ ಮಾತು ತೆಗೆದುಕೊಂಡರು. ಮಗಳು ಇನ್ನು ಮುಂದೆ ಸಿನಿಮಾ ನೋಡುವುದಿಲ್ಲ ಎಂದು. ಇನ್ನು ಮುಂದೆಯಂತೆ! ಎಲೆ ಅಡಿಕೆ ಕೈಯಲ್ಲಿ ಹಿಡಿದು ಕೊಟ್ಟ ಮಾತು ನಮ್ಮಲ್ಲಿ ಹಿಂದಕ್ಕೆ ಬರುವುದಿಲ್ಲ. ಬಾಗಿಲ ಸಂದಿಯಿಂದ ಕೇಳುತ್ತಿದ್ದ ನಾನು ಹಲ್ಲು ಕಡಿದೆ. ಅವಳು ನನ್ನ ಪಕ್ಕದಲ್ಲೇ ನಿಂತು ಬಳೆ ತಿರುಗಿಸುತ್ತಿದ್ದಳು.

ಅವಳನ್ನು ಜಗಳೂರಿಗೆ, ನನ್ನನ್ನು ನ್ಯಾಮತಿಗೆ ಕೊಟ್ಟರು. ಮನೆ, ಮಕ್ಕಳು ಅಂತ ವರ್ಷಗಳು ಹೋದವು. ಎಂಬತ್ತರ ದಶಕದ ಕೊನೆಯ ಹೊತ್ತಿಗೆ ಒಮ್ಮೆ ದಾವಣಗೆರೆಗೆ ಮದುವೆಗೆ ಹೋದವಳು, ಅಲ್ಲಿಂದ ಜಗಳೂರಿನ ಬಸ್ಸು ಹತ್ತಿದೆ. ಅವಳಿಗಾಗಿ ಖಾರ ಮಂಡಕ್ಕಿ ಕಟ್ಟಿಸಿಕೊಂಡಿದ್ದೆ. ದಾರಿಯಲ್ಲೇ ಅರ್ಧ ನಾನೇ ತಿಂದೆ.

"ಬರ್ರೀ ಅಕ್ಕಾರೆ, ಸರಿಯಾದ ಹೊತ್ತಿಗೆ ಬಂದ್ರಿ," ಎಂದ ಅವಳ ಗಂಡ. ಮನೆಗೆ ಹೊಸದಾಗಿ ಟಿ.ವಿ. ಬಂದಿತ್ತು. ಪಡಸಾಲೆಯ ತುಂಬ ಜನ. ಅತ್ತೆ ಎಲ್ಲರಿಗಿಂತ ಮುಂದೆ, ಮೂಗು ಗಾಜಿಗೆ ತಾಗುವ ಹಾಗೆ ಕೂತಿದ್ದಳು. ಹಳೆಯ ಕನ್ನಡ ಚಿತ್ರ. ನನ್ನ ಗೆಳತಿ ಮೂಲೆಯಲ್ಲಿ ಗೋಡೆ ಕಡೆ ಮುಖ ಮಾಡಿ, ಟಿ.ವಿ.ಗೆ ಬೆನ್ನು ಹಾಕಿ, ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನಾನು ಪಕ್ಕದಲ್ಲಿ ಕೂತೆ. ಚಿತ್ರದ ಮಾತು ಕಿವಿಗೆ ಬಿದ್ದಾಗ ಯಾವುದೆಂದು ಗೊತ್ತಾಯಿತು. ಹೂವು ಮಾರುವ ತಂಗಿಯ ಚಿತ್ರ.

"ಈ ಕಡಿ ತಿರುಗೇ. ಯಾರು ಏನಂತಾರೆ?" ಎಂದೆ ಮೆಲ್ಲಗೆ.

"ಯಾರೂ ಏನೂ ಅನ್ನಲ್ಲ. ನಮ್ಮತ್ತೇನೂ ನೋಡು ಅಂತ ಹೇಳ್ಯಾಳೆ ಈಗ." ಅವಳು ಅಕ್ಕಿಯಿಂದ ಕಣ್ಣು ತೆಗೆಯಲಿಲ್ಲ. "ನಾ ನೋಡಲ್ಲ ಕಣೆ. ನೋಡೇ ಇಲ್ಲ ಅಂತ ಅಳ್ತಾ ಹೇಳ್ದೆ, ಅಪ್ಪನೂ ನಂಬ್ಲಿಲ್ಲ. ಈಗ ನೋಡಿದ್ರೆ ಅವ್ರು ಅಂದಿದ್ದೇ ಖರೆ ಆಗ್ತೈತೆ. ಹಂಗೇ ಸಾಯ್ತೀನಿ, ಆದ್ರೆ ನೋಡಲ್ಲ."

ಅವಳ ಈ ಹಟಕ್ಕೆ ಕಾರಣರಾದವರೆಲ್ಲ ನೆನಪಾದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಸ್ಟೇಷನ್ನಿನ ದೃಶ್ಯ ಇನ್ನೇನು ಬರಬೇಕು. ಎಲ್ಲರೂ ಅಯ್ಯೋ ಅಂದರು, ವಿದ್ಯುತ್ ಇಲಾಖೆಯನ್ನು ಬೈದರು. ಆಗ ಅತ್ತೆ ಹಿಂದಕ್ಕೆ ತಿರುಗಿ ಕೇಳಿದಳು.

"ಏ, ಮುಂದೆ ಏನಾಗ್ತೈತೆ ಹೇಳೇ. ನಿಂಗೆ ಗೊತ್ತಿರ್ತೈತಲ್ಲ."

ಎಷ್ಟು ಸಲೀಸಾಗಿ ಕೇಳಿದಳು! ಯಾವುದು ಗೊತ್ತಿದೆ ಅಂತ ಎಲೆ ಅಡಿಕೆ ಹಿಡಿಸಿ ಮಾತು ತೆಗೆದುಕೊಂಡಿದ್ದರೋ, ಅದೇ ಈಗ ಬೇಕಾಗಿತ್ತು. ಅವಳು ಮೊರ ಪಕ್ಕಕ್ಕಿಟ್ಟಳು. ಆಮೇಲೆ ಕಣ್ಣು ಮುಚ್ಚಿದಳು. ಅಷ್ಟು ವರ್ಷಗಳಾದ ಮೇಲೂ ಆ ದನಿ ಹಾಗೇ ಇತ್ತು. ಜನ ಚಾಪೆ ಎಳೆದುಕೊಂಡು ಅವಳ ಸುತ್ತ ಸರಿದರು. ಅತ್ತೆ ಅವಳ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತು ಬಾಯಿ ತೆರೆದು ಕೇಳಿದಳು. ಗಂಡ ಹೆಂಡತಿಯನ್ನು ಹೊಸದಾಗಿ ನೋಡುವವನಂತೆ ನೋಡಿದ. ರೈಲು ನಿಂತಿತು, ಅಣ್ಣ ಇಳಿದ, ಹೂವು ಕೇಳಿದ. "ಆ ದನಿ ಕೇಳಿದ್ದೇ ತಡ, ಅವಳ ಕೈಯಾಗಿನ ಬುಟ್ಟಿ," ಎನ್ನುವಷ್ಟರಲ್ಲಿ ಕರೆಂಟ್ ಬಂತು.

ಟಿ.ವಿ. ಜೋರಾಗಿ ಒದರಿತು. ಎಲ್ಲರೂ ಒಟ್ಟಿಗೆ ಆ ಕಡೆ ತಿರುಗಿದರು. ಅತ್ತೆ ಎಲ್ಲರಿಗಿಂತ ಮೊದಲು ತಿರುಗಿದಳು. ನನ್ನ ಗೆಳತಿ ಅರ್ಧ ಮಾತು ಬಾಯಲ್ಲೇ ಉಳಿಸಿಕೊಂಡು, ಏನೂ ಆಗದವಳಂತೆ ಮೊರ ಎಳೆದುಕೊಂಡು ಮತ್ತೆ ಗೋಡೆಗೆ ಮುಖ ಮಾಡಿದಳು.

ನಾನು ಎದ್ದೆ. ಜನರನ್ನು ದಾಟಿಕೊಂಡು ಹೋಗಿ ಟಿ.ವಿ. ಆರಿಸಿದೆ.

"ಅಯ್ಯೋ, ಇದೇನವ್ವಾ!" ಎಂದಳು ಅತ್ತೆ.

"ಯಾಕ್ರೀ ಅಕ್ಕಾರೆ, ಚೆನ್ನಾಗಿ ಬರ್ತಿತ್ತಲ್ಲ," ಎಂದ ಗಂಡ.

"ಇವ್ಳೂ ಚೆನ್ನಾಗೇ ಹೇಳ್ತಿದ್ಲು," ಎಂದೆ. "ಇವ್ಳು ಹುಟ್ಟಿದಾಗಿಂದ ಒಂದು ಸಿನಿಮಾನೂ ನೋಡಿಲ್ಲ. ಹೊನ್ನಾಳಿ ಹಿತ್ಲಾಗೆ ಪಾತ್ರೆ ತಿಕ್ತಾ ಕೇಳಿದ್ದು. ಕಂಡೋರ್ಯಾರೂ ಇವ್ಳಂಗೆ ಹೇಳಾಕೆ ಬರಲ್ಲ. ನೀವು ಎಲೆ ಅಡಿಕೆ ಹಿಡಿದು ಮಾತು ತಗಂಡಿದ್ದು ನೋಡಲ್ಲ ಅಂತ. ಹೇಳಲ್ಲ ಅಂತ ಯಾರೂ ಮಾತು ಕೊಟ್ಟಿಲ್ಲ. ಕೂತ್ಕಂಡು ಪೂರ್ತಿ ಕೇಳ್ರಿ."

ನಾನು ಟಿ.ವಿ.ಗೆ ಬೆನ್ನು ಕೊಟ್ಟು ಅಲ್ಲೇ ನಿಂತೆ, ಬಂದು ಸರಿಸಲಿ ನೋಡೋಣ ಅಂತ. ಅವಳು ಗೋಡೆಯಿಂದ ಈ ಕಡೆ ತಿರುಗಿ ಮೊದಲು ನನ್ನನ್ನು, ಆಮೇಲೆ ಅತ್ತೆಯನ್ನು ನೋಡಿದಳು. ಮೊರ ಕೆಳಗಿಟ್ಟಳು.

"ಬುಟ್ಟಿ ಉರುಳಿ ಹೂವು ಎಲ್ಲಾ ಚೆಲ್ತಾವೆ," ಎಂದಳು.