ಮಂಜಿನೊಳಗೆ ಎಸೆದ ಚೆಂಡು

ನೀವು ಇದನ್ನು ನಂಬುವುದಿಲ್ಲ. ಪರವಾಗಿಲ್ಲ, ಓದಿ ಮುಗಿಸಿ ಆಮೇಲೆ ಜಗಳಕ್ಕೆ ಬನ್ನಿ. ಅಪ್ಪ ಆಗ ಜರ್ಮನಿಯವರೂ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ಸಾಫ್ಟ್‌ವೇರ್ ಕೆಲಸಕ್ಕೆ ನಮ್ಮನ್ನೆಲ್ಲ ಜರ್ಮನಿಗೆ ಕರೆತಂದಿದ್ದ ಕಾಲ. ಮೀಸೆ ಇನ್ನೂ ಪೆನ್ಸಿಲ್ ಗೀಟಿನಂತಿದ್ದ ಧಾರವಾಡದ ಹುಡುಗ ನಾನು ಮ್ಯಾನ್‌ಹೈಮ್‌ನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದೆ. ಅದೂ ಕ್ವಾರ್ಟರ್‌ಬ್ಯಾಕ್ ಆಗಿ.

ಆ ಆಟದಲ್ಲಿ ಎರಡೂ ತುದಿ ಚೂಪಾದ ಚೆಂಡನ್ನು ಎದುರಿನವರ ಕೊನೆಯ ಗೆರೆ ದಾಟಿಸಬೇಕು. ಪ್ರತಿ ಸಲ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಅವನು ಅದನ್ನು ಪಕ್ಕದವನ ಹೊಟ್ಟೆಗೆ ತುರುಕಿ ಓಡಿಸಬಹುದು, ಇಲ್ಲವೇ ದೂರದಲ್ಲಿ ಓಡುತ್ತಿರುವವನಿಗೆ ಎಸೆಯಬಹುದು. ನಾನು ಎಸೆದ ಚೆಂಡು ರೈನ್ ನದಿ ದಾಟಿ, ಆಚೆ ಊರಿನ ಯಾರದೋ ಬಾಲ್ಕನಿಯಲ್ಲಿ ಒಣಹಾಕಿದ ಬನಿಯನ್ನಿಗೆ ಬಡಿಯುತ್ತಿತ್ತು. ಸರಿ, ನದಿಯ ಅರ್ಧದವರೆಗೆ ಹೋಗುತ್ತಿತ್ತು ಅಂತ ಇಟ್ಟುಕೊಳ್ಳಿ.

ಆದರೆ ಪಂದ್ಯದಲ್ಲಿ ನಾನು ಒಂದು ಸಲವೂ ಎಸೆದಿರಲಿಲ್ಲ. ಕೋಚ್ ಬಿಡುತ್ತಿರಲಿಲ್ಲ.

ನಮ್ಮ ಕೋಚ್ ಉದ್ದನೆಯ ಕಪ್ಪು ಕೋಟಿನ, ಪಿಸುಮಾತಿನ ಮನುಷ್ಯ. ಬೇರೆ ಕೋಚ್‌ಗಳು ಗಂಟಲು ಹರಿಯುವಂತೆ ಕೂಗುತ್ತಿದ್ದರೆ ಇವರು ಅಂಚಿನಲ್ಲಿ ದೀಪದ ಕಂಬದಂತೆ ನಿಂತು ಮುಷ್ಟಿ ಎತ್ತುತ್ತಿದ್ದರು. ಮುಷ್ಟಿ ಅಂದರೆ ಓಡುವವನಿಗೆ ಕೊಡು. ಅಂಗೈ ಬಿಚ್ಚಿದರೆ ಎಸೆ. ಆ ಅಂಗೈಯನ್ನು ಯಾರೂ ನೋಡಿರಲಿಲ್ಲ. ಎದುರು ತಂಡಕ್ಕೆ ನಾವೇನು ಮಾಡುತ್ತೇವೆಂದು ನಮಗಿಂತ ಮೊದಲೇ ಗೊತ್ತಿರುತ್ತಿತ್ತು. ಅವರ ಅಜ್ಜಿಯರು ಕೂಡ ಕಾಫಿ ಕಪ್ ಕೆಳಗಿಟ್ಟು ಮುಷ್ಟಿ ಎತ್ತುತ್ತಿದ್ದರು. ಚೆಂಡು ಹೊತ್ತು ಓಡಬೇಕಾದವನು ಉಕ್ಕಿನ ಕಪಾಟಿನಂಥ ಹುಡುಗ. ಅವನ ಮೇಲೆ ಎಲ್ಲರೂ ಬೀಳುತ್ತಿದ್ದರು. ದೂರ ಓಡಿ ಚೆಂಡು ಹಿಡಿಯಬೇಕಾದ ಸಣಕಲ ಹುಡುಗನಿಗೆ ಇಡೀ ಸೀಸನ್ ಸುಮ್ಮನೆ ಓಡಿ ಹೋಗಿ ವಾಪಸ್ ಬರುವುದೇ ಕೆಲಸ.

ಇನ್ನೊಂದು ಸಂಗತಿ ಇತ್ತು. ಅದನ್ನು ನೆನೆದರೆ ಈಗಲೂ ಬೆನ್ನಿನಲ್ಲಿ ಏನೋ ಹರಿದಂತಾಗುತ್ತದೆ. ಪ್ರತಿ ಪ್ರಾಕ್ಟೀಸ್ ಮುಗಿದ ಮೇಲೆ ಕೋಚ್ ನನ್ನೊಬ್ಬನನ್ನೇ ಕರೆದು, ಬಲಗೈ ಹಿಡಿದು, ಒಂದೊಂದೇ ಬೆರಳನ್ನು ಒತ್ತಿ ನೋಡುತ್ತಿದ್ದರು. ತುಟಿ ಅಲ್ಲಾಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವರ ಕೈ ಬೆಳಗಿನ ನಲ್ಲಿಯಷ್ಟು ತಣ್ಣಗೆ. ಆಮೇಲೆ ಎಡಗೈ. ಮುಗಿದ ಮೇಲೆ ತಲೆಯಾಡಿಸಿ ಕತ್ತಲೊಳಗೆ ನಡೆದುಬಿಡುತ್ತಿದ್ದರು. ಉಳಿದವರ ಬೆರಳುಗಳ ಗೊಡವೆಗೆ ಹೋದವರೇ ಅಲ್ಲ.

ಬಟ್ಟೆ ಬದಲಿಸುವ ಕೋಣೆಯ ಮೂಲೆಯಲ್ಲಿ ಒಂದು ಹಳೆಯ ಜೆರ್ಸಿ ನೇತಾಡುತ್ತಿತ್ತು. ಬಾಗಿಲು ಹಾಕಿದಾಗೆಲ್ಲ ಅದರ ತೋಳು ಬಾ ಅನ್ನುವಂತೆ ಅಲ್ಲಾಡುತ್ತಿತ್ತು. ನನಗಿಂತ ಮೊದಲಿದ್ದ ಕ್ವಾರ್ಟರ್‌ಬ್ಯಾಕ್‌ನದು ಅಂತ ಸಣಕಲ ಹುಡುಗ ಹೇಳಿದ. ಅವನು ಜರ್ಮನ್‌ನಲ್ಲೇ ಮಾತಾಡುತ್ತಿದ್ದ, ಆದರೆ ನನ್ನ ಕಿವಿಯೊಳಗೆ ಅದು ಧಾರವಾಡದ ಕನ್ನಡವಾಗಿಯೇ ಇಳಿಯುತ್ತಿತ್ತು.

"ಏನಾತು ಅವಂಗ?" ಅಂತ ಕೇಳಿದೆ.

"ಹ್ಯಾಂಬುರ್ಗ್‌ಗೆ ಹೋದ. ಅವರವ್ವಗ ಅಲ್ಲಿ ಕೆಲಸ ಸಿಕ್ತು."

ಇಷ್ಟು ಸಪ್ಪೆ ಕಥೆಯನ್ನು ನಾನು ಒಪ್ಪಲಿಲ್ಲ. ಮರುದಿನದಿಂದ ಹೊಸ ಹುಡುಗರಿಗೆ, ಅವನು ಎಸೆಯಲು ಕೈ ಎತ್ತಿದ, ಆ ಕೈ ಇಳಿಯಲೇ ಇಲ್ಲ ಅಂತ ಹೇಳತೊಡಗಿದೆ. ಎಷ್ಟು ಚೆನ್ನಾಗಿ ಹೇಳಿದೆನೆಂದರೆ ಆ ಮೂಲೆಗೆ ಒಬ್ಬನೇ ಹೋಗಲು ನನಗೇ ಆಗುತ್ತಿರಲಿಲ್ಲ.

ಸೀಸನ್ನಿನ ಕೊನೆಯ ಪಂದ್ಯ ಅಕ್ಟೋಬರ್‌ನ ಒಂದು ಭಾನುವಾರ ಬೆಳಿಗ್ಗೆ. ಅವತ್ತು ನಮ್ಮದೇ ಕ್ಲಬ್ಬಿನ ಹಿರಿಯರ ತಂಡದ ಕೋಚ್ ನೋಡಲು ಬಂದಿದ್ದರು. ಮುಂದಿನ ವರ್ಷಕ್ಕೆ ಅವರ ಕ್ವಾರ್ಟರ್‌ಬ್ಯಾಕ್ ಯಾರು ಅಂತ ಅವತ್ತೇ ಆರಿಸುವವರಿದ್ದರು. ಎಸೆಯಲು ಬರುತ್ತದೋ ಇಲ್ಲವೋ ಗೊತ್ತಿಲ್ಲದ ಹುಡುಗನನ್ನು ಅವರು ಯಾಕೆ ಆರಿಸಿಯಾರು? ನನಗೆ ಬೇಕಿದ್ದದ್ದು ಒಂದೇ ಒಂದು ಎಸೆತ.

ಮೊದಲರ್ಧ ಪೂರ್ತಿ ಮುಷ್ಟಿ. ಅಷ್ಟರಲ್ಲಿ ನದಿಯಿಂದ ಮಂಜು ಎದ್ದು ಬಂತು. ಮೊದಲು ಮರಗಳು ಹೋದವು, ಆಮೇಲೆ ಗೋಲ್ ಕಂಬಗಳು, ಆಮೇಲೆ ಅಜ್ಜಿಯರು. ಎದುರಿನವರ ಹೆಲ್ಮೆಟ್‌ಗಳು ಮಾತ್ರ ಮುಂಡವಿಲ್ಲದ ತಲೆಗಳಂತೆ ಬಿಳಿಯ ಮೇಲೆ ತೇಲುತ್ತಿದ್ದವು. ಎಲ್ಲೋ ಒಂದು ಹಡಗು ದೊಡ್ಡ ಪ್ರಾಣಿ ನರಳಿದ ಹಾಗೆ ಕೂಗಿತು. ರೆಫರಿ ಬಂದು, ಇದೊಂದು ಸಲ ಆಡಿ, ಆಮೇಲೆ ಪಂದ್ಯ ನಿಲ್ಲಿಸುತ್ತೇನೆ ಎಂದರು.

ಅಂಚಿನತ್ತ ನೋಡಿದೆ. ಕೋಟು ಕಾಣಲಿಲ್ಲ, ಮುಖ ಕಾಣಲಿಲ್ಲ. ಗಾಳಿಯಲ್ಲಿ ಮುಷ್ಟಿಯೊಂದೇ ನಿಂತಿತ್ತು.

ಸಣಕಲ ಹುಡುಗ ನನ್ನ ಹತ್ತಿರ ಬಗ್ಗಿದ. "ಲೇ, ನೀ ಇವತ್ತೂ ಒಗೀಲಿಲ್ಲಂದ್ರ ನಾ ಓಡೂದು ಬಿಟ್ಟು ಅಲ್ಲೇ ಮಲಕೊಂಡುಬಿಡ್ತೀನಿ ನೋಡು."

"ಓಡು," ಅಂದೆ. "ತಿರುಗಿ ನೋಡಬ್ಯಾಡ."

ಚೆಂಡು ಕೈಗೆ ಬಂತು. ಕಪಾಟು ಹೊಟ್ಟೆ ಮುಂದೆ ಮಾಡಿಕೊಂಡು ಬಂದ, ನಾನು ಕೊಡಲಿಲ್ಲ. ಅಭ್ಯಾಸಬಲದಿಂದ ಖಾಲಿ ಹೊಟ್ಟೆ ಅವುಚಿಕೊಂಡೇ ಓಡಿದ ಪಾಪ. ನಾನು ಇಡೀ ಸೀಸನ್ನಿನ ಹೊಟ್ಟೆಯುರಿಯನ್ನೆಲ್ಲ ಭುಜಕ್ಕೆ ತಂದು ಎಸೆದೆ. ಅದೇ ಕ್ಷಣ ಒಂದು ಎಮ್ಮೆ ಬಂದು ನನ್ನ ಪಕ್ಕೆಗೆ ಗುದ್ದಿತು. ಹುಡುಗನೇ ಇರಬೇಕು, ಆದರೆ ಎಮ್ಮೆ. ಮಣ್ಣಿನಲ್ಲಿ ಅಂಗಾತ ಬಿದ್ದು, ಚೆಂಡು ಮಂಜಿನೊಳಗೆ ಹೊಕ್ಕದ್ದನ್ನು ನೋಡಿದೆ.

ಅದು ಕೆಳಗೆ ಬೀಳಲಿಲ್ಲ.

ಬಿದ್ದ ಸದ್ದಿಲ್ಲ, ಪುಟಿದ ಸದ್ದಿಲ್ಲ. ಎಲ್ಲರೂ ಕಿವಿಗೊಟ್ಟು ನಿಂತರು. ನನ್ನ ಮೇಲಿದ್ದ ಎಮ್ಮೆಯೂ ಉಸಿರು ಹಿಡಿಯಿತು. ನಾನೇ ಕಟ್ಟಿದ ಕಥೆಯ ಆ ಕೈ, ಇಳಿಯದ ಆ ಕೈ, ನೆನಪಿಗೆ ಬಂತು.

ಆಮೇಲೆ ಹುಲ್ಲಿನ ಮೇಲೆ ಹೆಜ್ಜೆ ಸದ್ದು. ನಿಧಾನ. ಬಿಳಿಯೊಳಗಿಂದ ಒಂದು ಆಕಾರ ಬಂತು. ಅದಕ್ಕೆ ಮುಖವಿರಲಿಲ್ಲ, ಕಣ್ಣಿನ ಜಾಗದಲ್ಲಿ ಎರಡು ಹೊಳೆಯುವ ಬಿಲ್ಲೆ ಮಾತ್ರ. ಚೆಂಡನ್ನು ಕುಂಬಳಕಾಯಿಯಂತೆ ಎದೆಗವಚಿಕೊಂಡಿತ್ತು. ಎಮ್ಮೆ ನನ್ನ ಮೇಲಿಂದ ಎದ್ದು ಓಡಿತು.

ಅಪ್ಪ. ಮಂಕಿ ಕ್ಯಾಪ್, ಅದರ ಮೇಲೆ ಕನ್ನಡಕ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ, ಅದರಲ್ಲಿ ನನ್ನ ಮಂಕಿ ಕ್ಯಾಪ್. ಥಂಡಿಗೆ ಕಿವಿ ಹಿಡಿದೀತು ಅಂತ ಅವ್ವ ಕಳಿಸಿದ್ದಳು. ಟ್ರಾಮ್ ಇಳಿದು ಹಿಂದಿನ ಗೇಟಿನಿಂದ ಬಂದ ಅಪ್ಪನಿಗೆ ತಾನು ಮೈದಾನದೊಳಗೆ ನಡೆಯುತ್ತಿದ್ದೇನೆ ಅನ್ನುವುದೇ ಗೊತ್ತಿರಲಿಲ್ಲ.

ಅವನ ಹಿಂದೆ ಸಣಕಲ ಹುಡುಗ ಬರಿಗೈಯಲ್ಲಿ ಏದುಸಿರು ಬಿಡುತ್ತ ಬಂದ. "ನಿಮ್ಮಪ್ಪ ನನಕಿಂತ ಮದಲ ಹಿಡದ," ಅಂದ.

ಅಪ್ಪ ಮಣ್ಣಿನಲ್ಲಿ ಬಿದ್ದಿದ್ದ ನನ್ನನ್ನು ನೋಡಿದ. ಆಮೇಲೆ ಓಡಿ ಬಂದ ಕೋಚ್‌ರನ್ನು. ಕೋಚ್‌ರ ಮುಖ ಮಂಜಿಗಿಂತ ಬಿಳಿಚಿತ್ತು. ಅವರು ಮೊಣಕಾಲೂರಿ, ನನ್ನ ಕೈ ಹಿಡಿದು, ಬೆರಳು ಒತ್ತಿ ನೋಡಲು ಶುರುಮಾಡಿದರು. ಈ ಸಲ ತುಟಿಯ ಮಾತು ಕೇಳಿಸಿತು: ಸರಿ ಇದೆ, ಸರಿ ಇದೆ, ಸರಿ ಇದೆ.

ನನಗೆ ಆಗ ಹೊಳೆಯಿತು. ತಂಡಕ್ಕೆ ಸೇರಿಸಿದ ದಿನ ಅಪ್ಪ, ನಮ್ಮೂರಲ್ಲಿ ಮಗನನ್ನು ಸಾಲಿಗೆ ಬಿಡುವಾಗ ಮಾಸ್ತರರಿಗೆ ಹೇಳುವ ಹಾಗೆ, ಕೋಚ್ ಕೈಗೆ ಕರದಂಟಿನ ಡಬ್ಬಿ ಕೊಟ್ಟು ಇಂಗ್ಲಿಷ್‌ನಲ್ಲಿ ಹೇಳಿದ್ದ: ಇನ್ನು ಇವನಿಗೆ ನೀವೇ ತಂದೆ, ಇವನ ಕೈಕಾಲು ನಿಮ್ಮ ಜವಾಬ್ದಾರಿ. ನಮ್ಮ ಮಾಸ್ತರರಾದರೆ ಹೂಂ ಅಂದು, ಅರ್ಧ ಗಂಟೆಯಲ್ಲಿ ಬೆತ್ತ ತೆಗೆಯುತ್ತಿದ್ದರು. ಈ ಜರ್ಮನ್ ಮನುಷ್ಯ ಅದನ್ನು ಅಕ್ಷರಶಃ ಹೊತ್ತುಕೊಂಡು, ಎಸೆಯಲು ನಿಂತರೆ ಎಲ್ಲರೂ ನನ್ನ ಮೇಲೆ ಬೀಳುತ್ತಾರೆಂದು ಮುಷ್ಟಿ ಎತ್ತುತ್ತ, ಇಡೀ ಸೀಸನ್ ನಿದ್ದೆಗೆಟ್ಟಿದ್ದರು.

ಕೋಚ್ ನನ್ನನ್ನು ಎಬ್ಬಿಸಿ, ಕಡ ತಂದ ಪಾತ್ರೆ ಒಡೆಯದೆ ವಾಪಸ್ ಕೊಡುವವರಂತೆ, ಎರಡೂ ಕೈಯಿಂದ ಅಪ್ಪನತ್ತ ದೂಡಿದರು. ಅಪ್ಪ ಥ್ಯಾಂಕ್ಯೂ ಸರ್ ಅಂತ ಚೆಂಡು ಅವರಿಗೆ ಕೊಟ್ಟ.

ಹಿರಿಯರ ಕೋಚ್ ಅಂಚಿನಿಂದ ನಮ್ಮತ್ತಲೇ ಬರುತ್ತಿದ್ದರು. ಎಸೆತದ ಬಗ್ಗೆ ಏನೋ ಕೇಳುವವರಿದ್ದರು, ಆಣೆ ಮಾಡಿ ಹೇಳುತ್ತೇನೆ.

"ಅಪ್ಪಾ, ಒಂದ ನಿಮಿಷ," ಅಂದೆ.

ಅಪ್ಪ ನನ್ನ ಹೆಲ್ಮೆಟ್ ಕಿತ್ತು ಹುಲ್ಲಿನ ಮೇಲಿಟ್ಟ. ಚೀಲದಿಂದ ಮಂಕಿ ಕ್ಯಾಪ್ ತೆಗೆದು ನನ್ನ ತಲೆಗೆ, ಕಿವಿ, ಗದ್ದ ಎಲ್ಲ ಮುಚ್ಚುವ ಹಾಗೆ ಎಳೆದ.

"ನಡಿ ಮನಿಗೆ," ಅಂದ. "ಇವತ್ತಿಗೆ ಮುಗೀತಿದು."