ಸಮಾಧಾನ ಹೇಳದ ಕಾದಂಬರಿ ಮತ್ತು ರತ್ನಮ್ಮ

ಮಗಳು ತೀರಿಕೊಂಡಾಗ ಮಾತನಾಡಿಸಲು ಬಂದ ನೆಂಟರೊಬ್ಬರನ್ನು ರತ್ನಮ್ಮನವರು ಎಬ್ಬಿಸಿ ಕಳಿಸಿದ್ದರು. ಬಸವೇಶ್ವರನಗರದ ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ಕಥೆ ಇದು. ಆ ಹಿರಿಯರು ಸೋಫಾದಲ್ಲಿ ಕೂತು, "ದೇವ್ರು ಒಳ್ಳೆಯವ್ರನ್ನ ಬೇಗ ಕರ್ಕೊಂಡ್ಬಿಡ್ತಾನಮ್ಮ" ಎಂದರಂತೆ. ಇವರು ಅಳು ನಿಲ್ಲಿಸಿ, "ಹಾಗಾದ್ರೆ ಎಪ್ಪತ್ತು ದಾಟಿರೋ ನೀವು ಎಂಥೋರು?" ಎಂದು ಕೇಳಿ ಬಾಗಿಲ ಕಡೆ ಕೈ ತೋರಿಸಿದರಂತೆ. ಇದು ನಿಜವೇ ಎಂದು ನಾನೊಮ್ಮೆ ಕೇಳಿದಾಗ, "ಪಕ್ಕದ್ಮನೆಯೋರು ತಂದ ಕಾಫಿ ಕುಡಿಸೇ ಕಳ್ಸಿದ್ದು ಕಣೇ" ಎಂದರು.

ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಒಂದೊಂದು ಅಕ್ಷರವೂ ತೊಳೆದಿಟ್ಟಂತೆ ಕೇಳಿಸುವ ದನಿ. ಮನೆ ಬಾಗಿಲಲ್ಲಿ ಅವರು ತರಕಾರಿಯವನ ಹತ್ತಿರ ಚೌಕಾಸಿ ಮಾಡಿದರೆ ತಿರುವಿನ ಕ್ಲಿನಿಕ್ಕಿನಲ್ಲಿ ಕೂತ ರೋಗಿಗೂ ಅವತ್ತಿನ ಹುರುಳಿಕಾಯಿಯ ಬೆಲೆ ತಿಳಿಯುತ್ತಿತ್ತು. ಗಂಡ ಮೊದಲೇ ಹೋಗಿದ್ದರು. ಒಬ್ಬಳೇ ಮಗಳು ಶೈಲಾ ಕಾಲೇಜಿಗೆ ಹೋಗುತ್ತಿದ್ದಾಗ ಜ್ವರ ಬಂದು ತೀರಿಕೊಂಡಳು. ಅದಾದ ಮೇಲೂ ಅವರು ಬಣ್ಣದ ಸೀರೆ ಉಟ್ಟರು, ಸ್ಕೂಟಿ ಓಡಿಸಿದರು, ಬೇಕೆನಿಸಿದಾಗ ಗೇಟಿನ ಮುಂದೆಯೇ ನಿಂತು ಅತ್ತರು. ಬೀದಿಯವರಿಗೆ ಇವರ ನಗುವೂ ಹಿಡಿಸಲಿಲ್ಲ, ಅಳುವೂ ಹಿಡಿಸಲಿಲ್ಲ.

ನಾವು ಅವರ ಮಹಡಿಯ ಮನೆಗೆ ಬಾಡಿಗೆಗೆ ಬಂದಾಗ ನನಗೆ ಮದುವೆಯಾಗಿ ವರ್ಷವೂ ಆಗಿರಲಿಲ್ಲ. ಆ ಮನೆಯಲ್ಲಿದ್ದಾಗಲೇ ನನ್ನ ಮೊದಲ ಮಗು ಏಳು ತಿಂಗಳಿಗೆ ಹುಟ್ಟಿ, ಆಸ್ಪತ್ರೆಯಿಂದ ಹೊರಗೆ ಬರದೆಯೇ ಹೋಯಿತು. ನಮ್ಮತ್ತೆ ಕೆಟ್ಟವರಲ್ಲ. "ಹಚ್ಕೊಳೋಕ್ ಮುಂಚೆ ಹೋಯ್ತಲ್ಲ, ಅಷ್ಟೇ ಪುಣ್ಯ ಅಂದ್ಕೊ" ಎಂದರು. ಗಂಡ "ಇನ್ನೊಂದಾಗತ್ತೆ ಬಿಡು" ಎಂದ. ನಾನು ಎಲ್ಲದಕ್ಕೂ ತಲೆಯಾಡಿಸಿ, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ಒಂದು ಮಧ್ಯಾಹ್ನ ರತ್ನಮ್ಮನವರು ಮೆಟ್ಟಿಲು ಹತ್ತಿ ಬಂದು ಬಚ್ಚಲ ಬಾಗಿಲು ಬಡಿದರು.

"ನೀರು ವೇಸ್ಟ್ ಮಾಡ್ಬೇಡ. ಅಳೋದಾದ್ರೆ ಹಾಲ್‌ನಲ್ಲಿ ಕೂತ್ಕೊಂಡು ಅಳು. ಮನೆ ಓನರ್ ನಾನು, ಪರ್ಮಿಷನ್ ಕೊಡ್ತಾ ಇದೀನಿ."

ಹೊರಗೆ ಬಂದೆ. "ಮಗೂಗೆ ಏನು ಹೆಸರಿಡ್ಬೇಕು ಅಂದ್ಕೊಂಡಿದ್ದೆ?" ಎಂದು ಕೇಳಿದರು. ಅದುವರೆಗೆ ಯಾರೂ ಕೇಳಿರಲಿಲ್ಲ. "ಅನಘಾ" ಎಂದೆ. ಅಂದಿನಿಂದ ಅವರು ನನ್ನ ಮಗುವನ್ನು "ಅದು" ಎನ್ನಲಿಲ್ಲ. ಅನಘಾ ಎಂದೇ ಕರೆದರು.

ಮರುದಿನದಿಂದ ಒಂದು ಹಳೆಯ ಕಾದಂಬರಿ ಹಿಡಿದುಕೊಂಡು ಬರತೊಡಗಿದರು. ಅದಕ್ಕೆ ಕಪ್ಪು ಬಟ್ಟೆಯ ಬೈಂಡು ಹಾಕಿಸಿದ್ದರು. ಹೆಸರಿನ ಪುಟ ಎಂದೋ ಕಿತ್ತುಹೋಗಿತ್ತು, ಬರೆದವರು ಯಾರೋ ಗೊತ್ತಿಲ್ಲ. ಮಗನನ್ನು ಕಳೆದುಕೊಂಡ ಒಬ್ಬ ಹೆಂಗಸಿನ ಕಥೆ. ದಿನಾ ಮಧ್ಯಾಹ್ನ ಊಟವಾದ ಮೇಲೆ ಒಂದಷ್ಟು ಪುಟ ಗಟ್ಟಿಯಾಗಿ ಓದುವರು. ನಾನು ಅಳುತ್ತಿದ್ದೆ, ಅವರು ಓದು ನಿಲ್ಲಿಸುತ್ತಿರಲಿಲ್ಲ. ಕೆಲವೊಮ್ಮೆ ಅವರೂ ಅಳುತ್ತಿದ್ದರು, ಆಗಲೂ ನಿಲ್ಲಿಸುತ್ತಿರಲಿಲ್ಲ. ನಡುವೆ ಒಂದು ಅಧ್ಯಾಯವನ್ನು ಮಾತ್ರ ಹಾರಿಸಿದರು. "ಇಲ್ಲೊಬ್ಬ ಸ್ವಾಮಿ ಬಂದು ಉಪದೇಶ ಮಾಡ್ತಾನೆ. ಬರೆದೋರು ಯಾರಿಗೋ ಹೆದರ್ಕೊಂಡು ಸೇರ್ಸಿದಾರೆ. ನಮಗ್ಯಾಕೆ?"

ಪುಸ್ತಕ ಅವರ ತಾಯಿಯದು. "ನಮ್ಮಮ್ಮ ಇದನ್ನ ಓದ್ಕೊಂಡು ಅತ್ರೆ ನಮ್ಮಪ್ಪ ಬೈಯೋರು, ಕಟ್ಟುಕಥೆಗೆಲ್ಲ ಅಳ್ತೀಯಲ್ಲ ಅಂತ. ಅಮ್ಮ ಅಳ್ತಾ ಇದ್ದಿದ್ದು ನನಗಿಂತ ಮುಂಚೆ ಹುಟ್ಟಿ ಸತ್ತ ನಮ್ಮಣ್ಣನಿಗೆ. ಅವನ ಹೆಸರು ಹೇಳಿ ಅಳೋ ಹಂಗಿರ್ಲಿಲ್ವಲ್ಲ. ಕಥೆ ಹೆಸರಲ್ಲಿ ಅಳ್ತಿದ್ರು. ನಾನು ಕಾಲೇಜಲ್ಲಿ ಓದಿ, ಬರೀ ಗೋಳು ಅಂತ ಮೂಲೆಗೆ ಎಸೆದಿದ್ದೆ. ಶೈಲಾ ಹೋದ್ಮೇಲೆ ತೆಗೆದೆ ನೋಡು, ಯಾರೋ ಮೊದ್ಲೇ ನಮ್ಮನೆಗೆ ಬಂದು ಕೂತು, ಎಲ್ಲಾ ಬರ್ಕೊಂಡು ಹೋದಂಗಿತ್ತು."

ನಮ್ಮ ಪಾರ್ಕಿನ ಪಕ್ಕದ ಹಾಲಿನಲ್ಲಿ ಓದುಗರ ಕೂಟ ಸೇರುತ್ತಿತ್ತು. ಒಂದು ರಾಜ್ಯೋತ್ಸವಕ್ಕೆ ಎಲ್ಲರೂ ತಮ್ಮ ಮೆಚ್ಚಿನ ಪುಸ್ತಕದ ಬಗ್ಗೆ ಮಾತನಾಡುವುದೆಂದು ತೀರ್ಮಾನವಾಯಿತು. ರತ್ನಮ್ಮನವರು ಕಪ್ಪು ಬೈಂಡಿನ ಪುಸ್ತಕ ಹಿಡಿದು ಎದ್ದರು. ಕೂಟದ ಅಧ್ಯಕ್ಷ ಶ್ರೀನಿವಾಸಯ್ಯ ನಿವೃತ್ತ ಎಂಜಿನಿಯರು, ಬಹಳ ಸೌಜನ್ಯದವರು. ಅವರು ಮೈಕಿನ ಮೇಲೆ ಕೈಯಿಟ್ಟು, "ಮೇಡಂ, ಹಬ್ಬದ ದಿನ ಸಾವು ನೋವು ಬೇಡ. ಸ್ವಲ್ಪ ಪಾಸಿಟಿವ್ ಆಗಿರೋದು ಮಾತಾಡಿ. ಈಗಿನ ಕಾಲದೋರಿಗೆ ಇವೆಲ್ಲ ಯಾರಿಗೆ ಬೇಕು?" ಎಂದರು.

"ಯಾಕೆ, ಈಗಿನ ಕಾಲದೋರು ಸಾಯಲ್ವಾ ಸಾರ್?"

ಸಭೆ ನಕ್ಕಿತು. ರತ್ನಮ್ಮ ನಗಲಿಲ್ಲ. ಅವರಿಗೆ ಮೈಕು ಬೇಕಿರಲೂ ಇಲ್ಲ.

"ಇದ್ರಲ್ಲಿ ಒಂದು ಜಾಗ ಇದೆ. ಸತ್ತ ಮಗನ ಜೊತೆ ಓದಿದ ಹುಡುಗನ ಮದುವೆ. ಇವಳು ಹೋಗ್ತಾಳೆ, ಪಂಕ್ತೀಲಿ ಕೂರ್ತಾಳೆ. ಪಾಯಸ ಬಡಿಸ್ತಾರೆ. ಪಾಯಸ ರುಚಿಯಾಗಿರತ್ತೆ. ಇನ್ನೊಂದು ಸಲ ಹಾಕಿಸ್ಕೋತಾಳೆ. ಆಮೇಲೆ ಮನೆಗೆ ಬಂದು, ನನಗೆ ಪಾಯಸ ರುಚಿ ಅನ್ನಿಸ್ತಲ್ಲಾ ಅಂತ ನಾಚಿಕೆಯಿಂದ ಸಾಯ್ತಾಳೆ. ಅಷ್ಟೇ. ಅದು ತಪ್ಪು ಅಂತಾನೂ ಬರೆದಿಲ್ಲ, ಸರಿ ಅಂತಾನೂ ಬರೆದಿಲ್ಲ. ಎಲ್ಲಾ ಸರಿಹೋಗತ್ತೆ ಅನ್ನೋ ಪುಸ್ತಕಗಳು ನಮ್ಮನೇಲೂ ಇದ್ವು ಸಾರ್, ರದ್ದಿಗೆ ಹಾಕ್ದೆ. ಸರಿಹೋಗಲ್ವಲ್ಲ! ಇದನ್ನ ನಮ್ಮಮ್ಮ ಓದಿದ್ರು, ನಾನು ಓದಿದೆ, ನಮ್ಮ ಮಹಡಿಮನೆ ಹುಡುಗಿ ಕೇಳಿದ್ಲು. ನಿಮಗೆ ಇವತ್ತು ಬೇಡ ಅಂದ್ರೆ ಬೇಡ. ಇದು ಕಾಯತ್ತೆ. ಇದಕ್ಕೇನೂ ಅರ್ಜೆಂಟಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಕಾರ್ಯಕ್ರಮ ಮುಗಿದು ಉಪ್ಪಿಟ್ಟಿನ ತಟ್ಟೆ ಹಿಡಿದು ನಿಂತಿದ್ದಾಗ ಶ್ರೀನಿವಾಸಯ್ಯ ನಮ್ಮ ಹತ್ತಿರ ಬಂದರು. ಅವರ ಹೆಂಡತಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು.

"ಮೇಡಂ, ಅವಳು ತೀರ್ಕೊಂಡ ವಾರವೇ ನಾನು ಕ್ರಿಕೆಟ್ ಮ್ಯಾಚ್ ನೋಡ್ದೆ. ನಮ್ಮೋರು ಗೆದ್ದಾಗ ಎದ್ದು ನಿಂತು ಚಪ್ಪಾಳೆ ಹೊಡ್ದೆ. ಮಕ್ಕಳಿಗೂ ಹೇಳಿಲ್ಲ ಇದನ್ನ."

ಹೋಗಲಿ ಬಿಡಿ ಸಾರ್, ಎಂದು ನನ್ನ ಬಾಯಿಗೆ ಬಂದಿತ್ತು. ರತ್ನಮ್ಮ ಪಕ್ಕದ ಕುರ್ಚಿ ಎಳೆದು, "ಕೂತ್ಕೊಳಿ. ಯಾವ ಮ್ಯಾಚು?" ಎಂದರು. ಶ್ರೀನಿವಾಸಯ್ಯ ಕೂತು ಓವರ್ ಓವರ್ ಆಗಿ ಆ ಪಂದ್ಯದ ಕಥೆ ಹೇಳಿದರು. ಹೇಳುತ್ತಾ ಹೇಳುತ್ತಾ ಕರವಸ್ತ್ರ ತೆಗೆದರು. ಕ್ರಿಕೆಟ್ಟಿನ ಗಂಧಗಾಳಿಯೂ ಇಲ್ಲದ ರತ್ನಮ್ಮ ಕೊನೆಯವರೆಗೂ ಕೇಳಿದರು.

ಮುಂದೆ ನಾವು ಮಹಾಲಕ್ಷ್ಮಿ ಲೇಔಟಿಗೆ ಮನೆ ಬದಲಿಸಿದೆವು. ನನಗೆ ಮಗ ಹುಟ್ಟಿದ. ನೋಡಲು ಬಂದ ಎಲ್ಲರೂ "ಇನ್ನು ಹಳೇದೆಲ್ಲ ಮರೆತುಬಿಡು" ಎಂದರು. ರತ್ನಮ್ಮ ಮಗುವನ್ನು ಎತ್ತಿಕೊಂಡು, "ನಿನಗೊಬ್ಬಳು ಅಕ್ಕ ಇದ್ಲು ಕಣೋ" ಎಂದರು. ನಮ್ಮತ್ತೆಯ ಮುಖ ಬಿಗಿಯಿತು. ನನಗೆ ಮಾತ್ರ ಅವತ್ತು ಎದೆ ಹಗುರವಾಯಿತು.

ಹೋದ ವರ್ಷ ರತ್ನಮ್ಮನವರ ಹೃದಯ ಸೋಲತೊಡಗಿತು. ತಂಗಿಯ ಮಗಳು ಬಂದು ನೋಡಿಕೊಳ್ಳುತ್ತಿದ್ದಳು. ನಾನು ಹೋದಾಗ ದಿಂಬಿಗೆ ಒರಗಿ ಕೂತಿದ್ದರು. ದನಿ ಸಣ್ಣಗಾಗಿತ್ತು, ಅಕ್ಷರ ಮಾತ್ರ ಅಷ್ಟೇ ಸ್ಪಷ್ಟ. ಕಪಾಟಿನಿಂದ ಕಾದಂಬರಿ ತೆಗೆದು, "ಓದ್ಲಾ ಆಂಟಿ?" ಎಂದೆ.

"ಬೇಡ. ಅದು ಉಳ್ಕೊಳ್ಳೋರಿಗೆ ಕಣೇ. ನಾನು ಹೊರಟಿರೋಳು. ಪೇಪರ್ ತಗೋ, ವಧು ವರ ಬೇಕಾಗಿದ್ದಾರೆ ಓದು."

ಓದಿದೆ. ಯಾರೋ ತಮ್ಮ ಮನೆಗೆ ಸರಿಯಾಗಿ ಹೊಂದಿಕೊಳ್ಳುವ ಹುಡುಗಿ ಬೇಕೆಂದು ಹಾಕಿಸಿದ್ದರು. "ಕಾರ್ಪೆಂಟರ್‌ಗೆ ಅಳತೆ ಕೊಟ್ಟು ಮಾಡಿಸ್ಕೊಳ್ಳಿ ಅನ್ನು" ಎಂದರು. ಇಬ್ಬರೂ ನಕ್ಕೆವು. ನಗುವುದಕ್ಕೆ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಆದರೂ ಪೇಪರಿನ ಆ ಪುಟ ಪೂರ್ತಿ ಓದಿಸಿಯೇ ನನ್ನನ್ನು ಕಳಿಸಿದರು.

ಅದೇ ವಾರದಲ್ಲಿ ಅವರು ಹೋದರು. ಕೊನೆಯ ಸಲ ಮುಖ ನೋಡಿಕೊಂಡು ಬಂದು ಬಸ್ ಸ್ಟಾಪಿನಲ್ಲಿ ನಿಂತೆ. ಅಳು ಒತ್ತರಿಸಿ ಬಂತು. ದನಿ ತೆಗೆದು ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಗಾಬರಿಯಾಗಿ ನನ್ನ ತೋಳು ಹಿಡಿದು, "ಏನಾಯ್ತಮ್ಮ? ಎಲ್ಲಾ ನೋಡ್ತಾ ಇದಾರೆ, ಸಮಾಧಾನ ಮಾಡ್ಕೊ" ಎಂದರು.

"ಇಲ್ಲ, ಮಾಡ್ಕೊಳಲ್ಲ" ಎಂದೆ.

ಬಸ್ಸು ಬರುವವರೆಗೂ ಅತ್ತೆ. ಬಸ್ಸು ಹತ್ತಿದ ಮೇಲೂ ಅತ್ತೆ. ನೋಡುವವರು ನೋಡಲಿ.