ಉಸ್ತಾದ ಪಾಯಪ್ಪನ ಕಣ್ಣು

ಸಲಗರೆಯ ಪಾಯಪ್ಪ ಹವಾಲ್ದಾರ ಹತ್ತೊಂಬತ್ತು ವರ್ಷದಿಂದ ಹೊಸ ಪೊಲೀಸರಿಗೆ ಕಾರ್ಬೈನ್ ಬಂದೂಕು ಕಲಿಸುವ ಉಸ್ತಾದ. ಜೈನರ ಮನೆಯವನು, ಕಾಗದದ ಗುರಿ ಬಿಟ್ಟು ಬೇರೇನನ್ನೂ ಹೊಡೆದವನಲ್ಲ. ಮನುಷ್ಯರನ್ನು ಮಾತಿನಿಂದ ಹೊಡೆಯಲು ಮಾತ್ರ ಯಾವ ವ್ರತವೂ ಅವನಿಗೆ ಅಡ್ಡ ಬರುತ್ತಿರಲಿಲ್ಲ.

ಮಿರಜದಾಚೆಯ ಮೈದಾನಕ್ಕೆ ಹೊಸ ಗಿಡ್ಡ ಕಾರ್ಬೈನ್‌ಗಳು ಬಂದಾಗ, ಮೇಲೆ ಕೂರಿಸಿದ ಗಾಜಿನೊಳಗೆ ಸೆಲ್ಲಿನಿಂದ ಉರಿಯುವ ಕೆಂಪು ಚುಕ್ಕೆ ಕಂಡು ಉಳಿದ ಉಸ್ತಾದರು ತಡವರಿಸಿದರು. ಪಾಯಪ್ಪ ವಾರದಲ್ಲಿ ಕಲಿತ. ಎರಡೂ ಕಣ್ಣು ತೆರೆದಿರಲಿ, ಚುಕ್ಕೆಯನ್ನಲ್ಲ, ಗುರಿಯನ್ನು ನೋಡು, ಕೆನ್ನೆ ಪ್ರತಿ ಸಲ ಅದೇ ಜಾಗಕ್ಕೆ ತಾಗಲಿ ಅನ್ನುತ್ತಿದ್ದ. ಗಾಜು ನಳಿಗೆಗಿಂತ ಎತ್ತರದಲ್ಲಿದೆ, ಹತ್ತಿರದ ಗುರಿಗೆ ಗುಂಡು ಕೆಳಗೆ ಬೀಳುತ್ತದೆ, ಎರಡು ಬೆರಳು ಮೇಲೆ ಹಿಡಿ ಅನ್ನುತ್ತಿದ್ದ.

ಹೊಸ ತಂಡದಲ್ಲಿದ್ದ ಮಾಧವನಗರದ ಸೋನಲಳಿಗೆ ಎಡಗಣ್ಣು ಮುಚ್ಚುವ ಚಾಳಿ. ಮುಚ್ಚುವ ಕಣ್ಣು ಯಾಕೆ ಬೇಕು ಎಂದು ಪಾಯಪ್ಪ ಅದರ ಮೇಲೆ ಪಟ್ಟಿ ಅಂಟಿಸಿ ದಿನವಿಡೀ ತಿರುಗಾಡಿಸಿದ. ಆ ದಿನವೇ ಅವಳ ಅಪ್ಪ ನೋಡಲು ಬಂದಿದ್ದ. ಅವನೆದುರೇ ಪಾಯಪ್ಪ ಅವಳನ್ನು ಒಕ್ಕಣ್ಣಿ ಎಂದು ಕೂಗಿ ಕರೆದ. ಅಪ್ಪ ತಾನು ತಂದ ಬುತ್ತಿಯನ್ನು ಹುಡುಗಿಯ ಕೈಗಿಟ್ಟು ತಲೆ ಎತ್ತದೆ ಹೋದ. ಹೆಸರು ಅವಳಿಗೆ ಅಂಟಿಕೊಂಡಿತು. ಗುರಿಯೂ ಕೈಗೂಡಿತು, ವರ್ಷ ಕಳೆಯುವುದರೊಳಗೆ ಅವಳೇ ಅವನ ಸಹಾಯಕಿಯಾದಳು.

ಅಷ್ಟರಲ್ಲಿ ಪಾಯಪ್ಪನ ಬಲಗಣ್ಣಿನ ನಟ್ಟನಡುವೆ ಕಪ್ಪು ಕಲೆಯೊಂದು ಕೂತಿತು. ನೋಡಿದ ಜಾಗವೇ ಕಾಣದು, ಸುತ್ತಲಿನದೆಲ್ಲ ಕಾಣುವುದು. ಕಣ್ಣಿನ ಪರದೆ ನಡುವೆ ಕೆಟ್ಟಿದೆ, ಎಡಗಣ್ಣಿಗೂ ಶುರುವಾಗಿದೆ, ಸಾಹೇಬರಿಗೆ ತಿಳಿಸಿ ಎಂದು ಮಿರಜದ ಡಾಕ್ಟರು ಹೇಳಿದರು. ಪಾಯಪ್ಪ ತಿಳಿಸಲಿಲ್ಲ. ಗುರಿಯ ಕಾಗದದ ತೂತುಗಳನ್ನು ಬೆರಳಿನಿಂದ ಮುಟ್ಟಿ ನೋಡಿ ಹೊಡೆದವರ ತಪ್ಪು ಹೇಳತೊಡಗಿದ.

ಹೆಂಡತಿ ಶಾಲನಳಿಗೆ ಜೀವ ತಡೆಯಲಿಲ್ಲ. ಗಂಡನಿಗೆ ಹಗುರ ಕೆಲಸ ಕೇಳಲು ಒಬ್ಬಳೇ ಆಫೀಸಿಗೆ ಹೋದಳು. ಎಲ್ಲೆಲ್ಲೂ ಮರಾಠಿ. ಸೋನಲ ಎದುರಾಗಿ ಕನ್ನಡದಲ್ಲಿ ಮಾತಾಡಿಸಿದಾಗ ತನ್ನವಳೇ ಸಿಕ್ಕಂತಾಗಿ ಎಲ್ಲವನ್ನೂ ಹೇಳಿಬಿಟ್ಟಳು.

"ನೀವು ಮನೀಗೆ ಹೋಗ್ರಿ ಮಾವಶಿ," ಎಂದಳು ಸೋನಲ. "ಸಾಹೇಬರಿಗೆ ನಾ ತಿಳಸ್ತೇನಿ."

ಮಾತಿನಂತೆಯೇ ತಿಳಿಸಿದಳು. ಮರುದಿನ ಸಾಹೇಬರು ಮೈದಾನಕ್ಕೆ ಬಂದಿದ್ದರು, ಮೂವತ್ತು ಜನ ಸಾಲಾಗಿ ನಿಂತಿದ್ದರು. ಸೋನಲ ಖಾಲಿ ಕಾರ್ಬೈನ್ ಒಂದನ್ನು ಪಾಯಪ್ಪನ ಕೈಗೆ ಕೊಟ್ಟು, ಚುಕ್ಕೆ ಎಡಕ್ಕೆ ಸರಿದಂತಿದೆ, ನೋಡಿ ಹೇಳಿ ಉಸ್ತಾದ ಎಂದಳು. ಪಾಯಪ್ಪ ಅದನ್ನು ಭುಜಕ್ಕೊತ್ತಿ ಕೆನ್ನೆ ತಾಗಿಸಿದ. ನಿಲುವಿನಲ್ಲಿ ಕೂದಲೆಳೆಯ ತಪ್ಪಿಲ್ಲ. ತುಸು ಹೊತ್ತು ನೋಡಿ, ಚುಕ್ಕೆ ಸರಿಯಾಗಿಯೇ ಇದೆ, ಸೊಟ್ಟಗಿರುವುದು ನಿನ್ನ ಕಣ್ಣು ಎಂದ.

ಸೋನಲ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ನಾಣ್ಯದಂಥ ಸೆಲ್ಲು. "ಸೆಲ್ಲು ನನ್ನ ಕೈಯಾಗ ಐತಿ, ಉಸ್ತಾದ. ನಿಮಗ ಯಾವ ಚುಕ್ಕಿ ಕಾಣಸ್ತು?"

ಸಾಲಿನಲ್ಲಿ ಒಬ್ಬ ನಕ್ಕ, ಆಮೇಲೆ ಎಲ್ಲರೂ. ಸಾಹೇಬರು ನಗಲಿಲ್ಲ, ತಡೆಯಲೂ ಇಲ್ಲ. ಬೆರಳೆತ್ತಿ ಎಷ್ಟು ಎಂದು ಕೇಳಿದರು. ಪಾಯಪ್ಪ ಕಾರ್ಬೈನ್ ನೆಲಕ್ಕಿಟ್ಟ.

ಅವನನ್ನು ವಾಹನಗಳ ಗೇಟಿಗೆ ಹಾಕಿದರು. ನಿವೃತ್ತಿಗೆ ಉಳಿದ ಹದಿನೇಳು ತಿಂಗಳು ಸ್ಟೂಲಿನ ಮೇಲೆ ಕೂತು ಕಳೆದ. ಸೋನಲ ಕಲಿಸಿದ ತಂಡ ಹಿಂದಿನವರಿಗಿಂತ ಚೆನ್ನಾಗಿ ಹೊಡೆಯುತ್ತದೆ ಎಂಬ ಮಾತು ಅಲ್ಲಿಗೂ ಬಂತು.

ಯಾರು ಹೇಳಿದ್ದೆಂದು ಶಾಲನ ಮುಚ್ಚಿಡಲಿಲ್ಲ. "ನಿಮ್ಮ ಛಲೋದಕ್ಕ ಹೇಳೀನ್ರಿ," ಎಂದು ಅತ್ತಳು.

"ಎಡಗಣ್ಣೂ ಲಗೂನ ಹೋಗಲಿ," ಎಂದ ಪಾಯಪ್ಪ. "ನಿನ್ನ ಮಾರಿ ನೋಡೂದರ ತಪ್ಪತೈತಿ."

ಶಾಲನ ಬುಧಗಾಂವದ ಮಗಳು ಅನುಜಾಳ ಮನೆ ಸೇರಿದಳು. ಪಾಯಪ್ಪ ಕಣ್ಣಿಗೆ ಸೂಜಿ ಹಾಕಿಸಿಕೊಳ್ಳಲು ಒಬ್ಬನೇ ಬಸ್ಸಿನಲ್ಲಿ ಮಿರಜಕ್ಕೆ ಹೋಗುತ್ತಾನೆ. ಜೊತೆಗೆ ಯಾರಿದ್ದಾರೆ ಎಂದು ನರ್ಸು ಪ್ರತಿ ಸಲ ಕೇಳುತ್ತಾಳೆ. ಯಾರೂ ಇಲ್ಲ ಎಂದು ಅವನು ಗದರಿಸುತ್ತಾನೆ.